ತಪ್ಪಿನ ಸುದ್ದಿ ತಪ್ಪು ಮಾಡಿದ ಕೈಗೇ ಮುಟ್ಟಬೇಕು

ಪ್ರಶ್ನೆ: ಮೂಡಿಗೆರೆ ಕಡೆಯ 120 ಎಕರೆ ಅರೇಬಿಕಾ ತೋಟವೊಂದರಲ್ಲಿ ಮ್ಯಾನೇಜರ್ ಆಗಿದ್ದೇನೆ. ಪ್ರತಿ ಅಕ್ಟೋಬರ್‌ನಲ್ಲಿ ಗೋಡೌನಿನಲ್ಲಿ ಇಡೀ ದಿನದ ತರಬೇತಿ ಇಡುತ್ತೇವೆ. ಪ್ರೊಜೆಕ್ಟರ್, ಊಟ ಎಲ್ಲ ಇರುತ್ತದೆ, ಸುಮಾರು 60 ಜನ ಕೂರುತ್ತಾರೆ. ಆದರೂ ಕೊಯ್ಲಿನಲ್ಲಿ ಹಸಿಕಾಯಿ ಬರುವುದು ನಿಂತಿಲ್ಲ. ಕಳೆದ ಸೀಸನ್‌ನಲ್ಲಿ ಪೊರೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಿಂದ ಬಂದ ವರದಿಯಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನಲ್ಲಿ ಕಟ್ ಆದ ಬೀಜ, ಹುಳಿ ವಾಸನೆ, ಸಮನಾಗಿ ಒಣಗದ ಪಾರ್ಚ್‌ಮೆಂಟ್ (ಪೊರೆ ಸಮೇತದ ಬೀಜ), ಮೂರೂ ಇದ್ದವು. ಅರ್ಧದಷ್ಟು ಜನ ಅಸ್ಸಾಂನವರು, ಕನ್ನಡ ಬರುವುದಿಲ್ಲ. ತರಬೇತಿಯನ್ನು ಎರಡು ದಿನಕ್ಕೆ ಏರಿಸಬೇಕೆ, ಬೇರೆ ದಾರಿ ಇದೆಯೇ?

ಉತ್ತರ: ಎರಡು ದಿನಕ್ಕೆ ಏರಿಸಬೇಡಿ. ಈಗಿರುವ ಒಂದು ದಿನವನ್ನೂ ಅರ್ಧಕ್ಕೆ ಇಳಿಸಬಹುದು. ಉಳಿದ ಸಮಯವನ್ನು ಕೊಯ್ಲಿನ ಸಾಲಿನಲ್ಲಿ, ತೂಕದ ಜಾಗದಲ್ಲಿ, ಪಲ್ಪರ್ ಮನೆಯಲ್ಲಿ, ಕಣದಲ್ಲಿ ಹತ್ತು ಹತ್ತು ನಿಮಿಷವಾಗಿ ಹಂಚಿ. ಯಾಕೆ ಎನ್ನುವುದು ನಿಮ್ಮ ಪತ್ರದಲ್ಲೇ ಇದೆ. ನೀವು ಬರೆದ ಮೂರು ದೋಷಗಳನ್ನೂ ಕಂಡುಹಿಡಿದವರು ಕ್ಯೂರಿಂಗ್ ವರ್ಕ್ಸ್‌ನವರು, ಅದೂ ಕೊಯ್ಲು ಮುಗಿದ ಮೇಲೆ.

ಒಂದು ದಿನದ ಹಣ್ಣಿನ ಹಾದಿಯನ್ನೇ ಹಿಡಿದು ನೋಡಿ. ಬೆಳಿಗ್ಗೆ ಒಂಬತ್ತಕ್ಕೆ ಒಬ್ಬರು ಗಿಡದಿಂದ ಹಸಿಕಾಯಿ ಕಿತ್ತು ಚೀಲಕ್ಕೆ ಹಾಕುತ್ತಾರೆ. ಸಂಜೆ ನಾಲ್ಕಕ್ಕೆ ತೂಕ. ಎಲ್ಲರ ಹಣ್ಣೂ ಒಂದೇ ಟ್ರೇಲರ್‌ಗೆ. ಆರು ಗಂಟೆಗೆ ಪಲ್ಪರ್ ಮನೆಯಲ್ಲಿ ನಿಂತವನಿಗೆ ಹಸಿಕಾಯಿ ಕಾಣುತ್ತದೆ, ಅವನು ಗೊಣಗುತ್ತಾನೆ. ಆ ಹೊತ್ತಿಗೆ ಕಿತ್ತವರು ಲೈನ್ ಮನೆಯಲ್ಲಿ ಒಲೆ ಹಚ್ಚಿರುತ್ತಾರೆ. ಪಲ್ಪರ್‌ನವನು ಬೀಜ ಕತ್ತರಿಸಿದರೆ ಅದು ಗೊತ್ತಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ, ಪೊರೆ ತೆಗೆದಾಗ. ಬೀಜದ ಲೋಳೆ ಬಿಡಿಸುವ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಬಿಟ್ಟದ್ದು ತಿಳಿಯುವುದು ಕಾಫಿ ರುಚಿ ನೋಡುವವರ ನಾಲಿಗೆಗೆ. ತಪ್ಪು ಮಾಡಿದ ಕೈ ಒಂದು ಕಡೆ, ಅದರ ಫಲ ಕಾಣುವ ಕಣ್ಣು ಇನ್ನೊಂದು ಕಡೆ, ನಡುವೆ ಒಂಬತ್ತು ತಾಸಿನಿಂದ ಮೂರು ತಿಂಗಳ ಅಂತರ. ಹೀಗಿರುವಾಗ 20 ವರ್ಷ ಅದೇ ಕೆಲಸ ಮಾಡಿದರೂ ಕೈ ಪಳಗುವುದಿಲ್ಲ, ವೇಗ ಮಾತ್ರ ಪಳಗುತ್ತದೆ. ಆದ್ದರಿಂದ ಏನು ಪಾಠ ಹೇಳಬೇಕು ಎಂಬುದನ್ನು ಸದ್ಯ ಬದಿಗಿಟ್ಟು, ತಪ್ಪಿನ ಸುದ್ದಿ ಮಾಡಿದವರಿಗೆ ಅದೇ ದಿನ, ಸಾಧ್ಯವಾದರೆ ಅದೇ ಗಳಿಗೆ ಮುಟ್ಟುವುದು ಹೇಗೆ ಎಂದು ಯೋಚಿಸಿ. ಮುಂದಿನದೆಲ್ಲ ಈ ಒಂದು ಮಾತಿನ ವಿಸ್ತಾರ.

ಮೊದಲು ಮೂರು ದಿನ, ಬಾಯಿ ಮುಚ್ಚಿಕೊಂಡು ನೋಡುವುದು

ಯಾರನ್ನೂ ತಿದ್ದದೆ ಮೂರು ದಿನ ಕೆಲಸ ನೋಡಿ. ಒಂದು ದಿನ ಕೊಯ್ಲು ಮತ್ತು ತೂಕ, ಒಂದು ದಿನ ಪಲ್ಪರ್ ಮನೆ, ಒಂದು ದಿನ ಕಣ. ಜೊತೆಗೆ ತೋಟದ ಲೆಕ್ಕ ಬರೆಯುವ ರೈಟರ್ ಇರಲಿ. ರಫ್ ಪುಸ್ತಕದಲ್ಲಿ ಪ್ರತಿ ಕಡೆಗೂ ನಾಲ್ಕು ವಿಷಯ ಬರೆಯಿರಿ: ಇಲ್ಲಿ ಯಾರು ಏನನ್ನು ತೀರ್ಮಾನ ಮಾಡುತ್ತಿದ್ದಾರೆ, ಯಾವ ಗುರುತಿನ ಮೇಲೆ, ಅಂದರೆ ಬಣ್ಣವೋ, ವಾಸನೆಯೋ, ಕೈಗೆ ಸಿಗುವ ಒರಟೋ, ಸದ್ದೋ, ತಪ್ಪಿದರೆ ಏನಾಗುತ್ತದೆ, ತಪ್ಪಿದ್ದು ಯಾರಿಗೆ, ಎಷ್ಟು ಹೊತ್ತಿನ ಮೇಲೆ ಗೊತ್ತಾಗುತ್ತದೆ. ಕೊನೆಯ ಸಾಲೇ ಎಲ್ಲಕ್ಕಿಂತ ಮುಖ್ಯ. ಅಲ್ಲಿ 'ಇಲ್ಲೇ, ಈಗಲೇ' ಎಂದು ಬರೆದ ಕಡೆ ನಿಮ್ಮ ತರಬೇತಿ ಬೇಕಿಲ್ಲ, ಕೆಲಸವೇ ಕಲಿಸುತ್ತಿದೆ. ಚೀಲ ಹೊಲಿಯುವವನಿಗೆ ಯಾರೂ ತರಬೇತಿ ಕೊಟ್ಟಿರುವುದಿಲ್ಲ, ಆದರೂ ಚೆನ್ನಾಗಿ ಹೊಲಿಯುತ್ತಾನೆ. ದಾರ ಬಿಚ್ಚಿದರೆ ಅವನ ಕಣ್ಣೆದುರೇ ಬಿಚ್ಚುತ್ತದೆ.

ಈ ಮೂರು ದಿನದಲ್ಲಿ ಇನ್ನೊಂದು ಸಂಗತಿ ಗಮನಿಸಿ. ಜನ ಈಗಾಗಲೇ ಎಲ್ಲಿ ಕಲಿಯುತ್ತಿದ್ದಾರೆ? ಹೊಸಬರು ಯಾರ ಪಕ್ಕದ ಸಾಲು ಹಿಡಿಯುತ್ತಾರೆ, ಪಲ್ಪರ್ ಕೆಟ್ಟರೆ ಯಾರನ್ನು ಕರೆಯುತ್ತಾರೆ, ಹನ್ನೊಂದರ ಟೀ ಹೊತ್ತಿಗೆ ಯಾವ ಮಾತು ನಡೆಯುತ್ತದೆ? 1980ರ ದಶಕದಲ್ಲಿ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞ ಅಮೆರಿಕದ ಜೆರಾಕ್ಸ್ ಕಂಪನಿಯ ರಿಪೇರಿ ಕೆಲಸಗಾರರ ಜೊತೆ ಓಡಾಡಿ ಇದನ್ನೇ ಕಂಡರು. ಕಂಪನಿ ಕೊಟ್ಟ ದಪ್ಪ ಕೈಪಿಡಿಗೆ ಸಿಗದ ತೊಂದರೆಗಳನ್ನು ಅವರು ಬಿಡಿಸುತ್ತಿದ್ದದ್ದು ಊಟದ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಹೇಳುತ್ತಿದ್ದ ಕಥೆಗಳಿಂದ. ಹೊರಗಿನಿಂದ ನೋಡಿದವರಿಗೆ ಅದು ಹರಟೆ. ನಿಮ್ಮ ಟೀ ಹೊತ್ತಿನ ಹದಿನೈದು ನಿಮಿಷ ಕಡಿತ ಮಾಡಿ ಅದನ್ನು 'ತರಬೇತಿ ಸಮಯ' ಮಾಡಬೇಡಿ. ಅದು ಈಗಾಗಲೇ ಪಾಠದ ಹೊತ್ತು.

ಪುಸ್ತಕದಲ್ಲಿ ಹದಿನೈದು ಇಪ್ಪತ್ತು ಕಡೆ ತೊಂದರೆ ಸಿಗುತ್ತದೆ. ಈ ಸೀಸನ್‌ಗೆ ನಾಲ್ಕೇ ಹಿಡಿಯಿರಿ: ಹಣ್ಣಿನ ಆಯ್ಕೆ, ಪಲ್ಪರ್ ಸಂದು (ಹಣ್ಣು ಹಾದುಹೋಗುವ ಕಿಂಡಿ), ತೊಟ್ಟಿಯ ಹದ, ಕಣದ ಹದ.

ಹಣ್ಣು: ಸಂಜೆಯ ತೂಕ ತಡವಾಯಿತು

ಹಸಿಕಾಯಿ ಎಣಿಕೆಯನ್ನು ಸಂಜೆ ತೂಕದ ಹೊತ್ತಿಗೆ ಮಾಡಿದರೆ ಅದು ಬೈಗುಳದ ಹೊತ್ತಾಗುತ್ತದೆ. ಚೀಲ ತುಂಬಿಯಾಗಿದೆ, ಎಲ್ಲರಿಗೂ ಮನೆಗೆ ಹೋಗುವ ಅವಸರ, ಸರಿಮಾಡಲು ಏನೂ ಉಳಿದಿಲ್ಲ. ಎಣಿಕೆಯನ್ನು ಬೆಳಿಗ್ಗೆಗೆ ತನ್ನಿ. ಕೊಯ್ಲು ಶುರುವಾಗಿ ಅರ್ಧ ಗಂಟೆಗೆ ಮೇಸ್ತ್ರಿ ಸಾಲಿನಲ್ಲಿ ನಡೆಯಲಿ. ಹೊಸಬರ ಬುಟ್ಟಿಯ ಮೇಲಿಂದಲ್ಲ, ಅಡಿಗೆ ಕೈ ಹಾಕಿ ಎರಡು ಹಿಡಿ ತೆಗೆದು, ತಟ್ಟೆಯಲ್ಲಿ 100 ಕಾಯಿ ಎಣಿಸಿ ಮೂರು ಗುಂಪು ಮಾಡಿಸಲಿ: ಹಣ್ಣು, ಹಸಿ, ಒಣಗಿದ್ದು. ಗುಂಪು ಮಾಡುವುದು ಮೇಸ್ತ್ರಿ ಅಲ್ಲ, ಕುಯ್ದವರೇ ಮಾಡಬೇಕು. ಎರಡು ಮೂರು ನಿಮಿಷದ ಕೆಲಸ. ಇಲ್ಲೇ ಹೆಚ್ಚಿನ ಮೇಸ್ತ್ರಿಗಳು ಎಡವುತ್ತಾರೆ. ಅವಸರಕ್ಕೆ ತಾವೇ ಆರಿಸಿ 'ನೋಡು, ಹನ್ನೆರಡು ಹಸಿ' ಎಂದು ಮುಂದೆ ಹೋಗುತ್ತಾರೆ. ಆಗ ಕಣ್ಣು ಪಳಗುವುದು ಮೇಸ್ತ್ರಿಯದು.

ಹೊಸಬರು ತಪ್ಪುವುದು ಕಡುಹಸಿರು ಕಾಯಲ್ಲಿ ಅಲ್ಲ, ಅರೆಗೆಂಪಿನಲ್ಲಿ. ಒಂದು ಬದಿ ಬಿಸಿಲಿಗೆ ಕೆಂಪಾಗಿ, ತೊಟ್ಟಿನ ಬದಿ ಇನ್ನೂ ಹಳದಿ ಹಸಿರಾಗಿರುವ ಕಾಯಿ. ಎದುರಿಂದ ನೋಡಿದರೆ ಹಣ್ಣು. ಇದಕ್ಕೆ ಕಣ್ಣಿಗಿಂತ ಬೆರಳು ಒಳ್ಳೆಯ ಗುರು: ಹೆಬ್ಬೆರಳು ತೋರುಬೆರಳ ನಡುವೆ ಹಿಚುಕಿದರೆ ಹಣ್ಣಾದದ್ದರಿಂದ ಬೀಜ ಜಾರಿ ಹೊರಬರುತ್ತದೆ, ಹಸಿಯದು ಬರುವುದಿಲ್ಲ. ಮೊದಲ ದಿನ ಪ್ರತಿಯೊಬ್ಬರಿಂದಲೂ ಇಪ್ಪತ್ತು ಕಾಯಿ ಹಿಚುಕಿಸಿ. ಪಲ್ಪರ್ ಮಾಡುವುದೂ ಇದೇ ಕೆಲಸ. ಹಸಿಕಾಯಿ ಅಲ್ಲಿ ಯಾಕೆ ತೊಂದರೆ ಕೊಡುತ್ತದೆ ಎಂದು ಮತ್ತೆ ವಿವರಿಸಬೇಕಾಗಿಲ್ಲ, ಬೆರಳಿಗೆ ತಿಳಿದಿರುತ್ತದೆ. ಹೀಗೆ ಕಲಿಸಲು ಭಾಷೆಯೂ ಬೇಕಿಲ್ಲ.

ಆದರೆ ಒಂದು ಮಾತು ಕಟುವಾಗಿಯೇ ಹೇಳಬೇಕು. ಕೆಜಿ ಲೆಕ್ಕದ ಕೂಲಿಯಲ್ಲಿ ಹಸಿಕಾಯಿಗೂ ಹಣ್ಣಿಗೂ ಒಂದೇ ದರ ಇದ್ದರೆ ನಿಮ್ಮ ತರಬೇತಿ ಹೇಳುವುದು ಒಂದು, ನಿಮ್ಮ ತಕ್ಕಡಿ ಹೇಳುವುದು ಇನ್ನೊಂದು. ಜನ ತಕ್ಕಡಿಯ ಮಾತನ್ನೇ ಕೇಳುತ್ತಾರೆ, ಅದು ಅವರ ಮನೆಯ ಅಕ್ಕಿಯ ಪ್ರಶ್ನೆ. ಹಸಿಕಾಯಿಗೆ ದಂಡ ಹಾಕುವುದು ಪರಿಹಾರವಲ್ಲ. ದಂಡ ಶುರುವಾದ ಮರುದಿನದಿಂದ ಹಸಿಕಾಯಿ ಗಿಡದ ಬುಡದ ತರಗೆಲೆಯೊಳಗೆ ಸೇರುತ್ತದೆ, ಅಲ್ಲಿ ಕಾಯಿಕೊರಕ ಹುಳಕ್ಕೆ ಮನೆಯಾಗುತ್ತದೆ. ಬೆಳಗಿನ ಎಣಿಕೆಯಲ್ಲಿ ಸರಿ ಬಂದವರಿಗೆ ಕೆಜಿಗೆ ಇಷ್ಟು ಪೈಸೆ ಹೆಚ್ಚು ಎಂದು ಮಾಲೀಕರ ಜೊತೆ ಕೂತು ತೀರ್ಮಾನಿಸಿ. ಅದು ಆಗದಿದ್ದರೆ, ಹಣ್ಣು ತೆಳುವಾಗಿರುವ ಮೊದಲ ಸುತ್ತುಗಳಿಗಾದರೂ ದಿನಗೂಲಿ ಮಾಡಿ.

ಪಲ್ಪರ್: ಎರಡು ಬಾಯಿ, ಎರಡು ಹಿಡಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ, ನಿಮ್ಮ ನಷ್ಟದ ದೊಡ್ಡ ಪಾಲು ಇಲ್ಲಿರಬಹುದು. ಅರೇಬಿಕಾದಲ್ಲಿ ಸುಮಾರು ಆರು ಕೆಜಿ ಹಣ್ಣಿನಿಂದ ಒಂದು ಕೆಜಿ ಕ್ಲೀನ್ ಕಾಫಿ, ಅಂದರೆ ಪೊರೆ ತೆಗೆದ ಬೀಜ. ಇಲ್ಲಿ ಕತ್ತರಿಸಿ ಹೋದ ಒಂದು ಹಿಡಿ ಬೀಜದ ಹಿಂದೆ ಅಷ್ಟು ಹಣ್ಣಿನ ಕೂಲಿ ಇದೆ.

ಪಲ್ಪರ್‌ಗೆ ಹೊರಬಾಯಿ ಎರಡು: ಬೀಜ ಬರುವುದು ಒಂದು, ಸಿಪ್ಪೆ ಹೋಗುವುದು ಒಂದು. ಸಂದು ಬಿಗಿಯಾದರೆ ಬೀಜದ ಬಾಯಿಯಲ್ಲಿ ಕಟ್ ಆದ, ಪೊರೆ ಸೀಳಿದ ಬೀಜ. ಸಂದು ಸಡಿಲವಾದರೆ ಅದೇ ಬಾಯಿಯಲ್ಲಿ ಸುಲಿಯದ ಹಣ್ಣು. ನೀರು ಅಥವಾ ಹಣ್ಣಿನ ಹರಿವು ಸಮವಿಲ್ಲದಿದ್ದರೆ ಸಿಪ್ಪೆಯ ಬಾಯಿಯಲ್ಲಿ ಒಳ್ಳೆಯ ಬೀಜವೂ ಹೋಗುತ್ತಿರುತ್ತದೆ. ನುರಿತವನು ಹೊತ್ತು ಹೊತ್ತಿಗೆ ಎರಡೂ ಕಡೆ ಒಂದೊಂದು ಹಿಡಿ ತೆಗೆದು, ಅಂಗೈ ಬಿಚ್ಚಿ ನೋಡಿ, ಮತ್ತೆ ಎಸೆಯುತ್ತಾನೆ. ಮೂರು ಸೆಕೆಂಡಿನ ಕೆಲಸ. ಪಕ್ಕದಲ್ಲಿ ನಿಂತ ಹೊಸಬನಿಗೆ ಅದು ಕಾಣುವುದೇ ಇಲ್ಲ. ಕಂಡರೂ ಸುಮ್ಮನೆ ಕೈ ತೊಳೆದ ಹಾಗೆ ಕಾಣುತ್ತದೆ. ಕಲಿಸಬೇಕಾದದ್ದು ಆ ಮೂರು ಸೆಕೆಂಡನ್ನೇ.

ಅದನ್ನು ನುರಿತವನ ಬಾಯಿಂದ ಹೊರಡಿಸುವುದು ಸುಲಭವಲ್ಲ. 'ಹೆಂಗೆ ಗೊತ್ತಾಗುತ್ತಣ್ಣ?' ಎಂದರೆ 'ಅದ್ ಹಂಗೇ ಗೊತ್ತಾಗ್ತದೆ' ಎನ್ನುತ್ತಾನೆ. ಸುಳ್ಳಲ್ಲ, ಕೈಗೆ ಬಂದ ವಿದ್ಯೆ ಬಾಯಿಗೆ ಬರುವುದಿಲ್ಲ. ಕುರ್ಚಿ ಹಾಕಿ ಕೂರಿಸಿ ಕೇಳಬೇಡಿ, ಕೆಲಸದ ನಡುವೆ ಕೇಳಿ: 'ಈಗ ಯಾಕೆ ನೀರು ಜಾಸ್ತಿ ಮಾಡಿದ್ರಿ?' ಅಥವಾ ಎರಡು ಮಗ್‌ನಲ್ಲಿ ಎರಡು ಹೊತ್ತಿನ ಬೀಜ ಇಟ್ಟು 'ಇದರಲ್ಲಿ ಯಾವುದು ಸರಿ ಇಲ್ಲ? ಯಾಕೆ?' ಎಂದು ಕೇಳಿ. ಹೋಲಿಕೆ ಕೊಟ್ಟರೆ ಮಾತು ಬರುತ್ತದೆ. ಹೀಗೆ ಬಂದದ್ದನ್ನು ಒಂದು ಹಾಳೆಯಲ್ಲಿ ಮೂರು ಕಂಬಸಾಲು ಮಾಡಿ ಬರೆಯಿರಿ: ಏನು ಮಾಡಬೇಕು, ಅದರಲ್ಲಿ ತಪ್ಪಬಾರದ ಅಂಶ ಯಾವುದು, ಯಾಕೆ. 'ಯಾಕೆ' ಇಲ್ಲದ ಹಾಳೆ ಕೆಲಸಕ್ಕೆ ಬಾರದು. ಕಾರಣ ಗೊತ್ತಿಲ್ಲದವನು ನೀವು ಬೆನ್ನು ತಿರುಗಿಸಿದ ಕೂಡಲೇ ಆ ಅಂಶವನ್ನೇ ಬಿಡುತ್ತಾನೆ.

ದಿನದ ಕ್ರಮ ಹೀಗಿರಲಿ. ದೊಡ್ಡ ರಾಶಿ ಬಿಡುವ ಮುನ್ನ, ತೊಟ್ಟಿಯಲ್ಲಿ ತೇಲಿದ ಕಾಯಿ ತೆಗೆದ ಹಣ್ಣಿನಿಂದ ಒಂದು ಬುಟ್ಟಿ ಮಾತ್ರ ಹಾಕಿ. ಬೀಜದ ಬಾಯಿಂದ 100 ಬೀಜ ಎಣಿಸಿ. ಕಟ್ ಎರಡಕ್ಕಿಂತ ಹೆಚ್ಚಿದ್ದರೆ ಯಂತ್ರ ನಿಲ್ಲಿಸಿ, ಸಂದು ಸ್ವಲ್ಪ ಬಿಟ್ಟು, ಮತ್ತೆ ಒಂದು ಬುಟ್ಟಿ, ಮತ್ತೆ ಎಣಿಕೆ. ಈ 'ಎರಡು' ಶುರುವಿಗೆ ಇಟ್ಟುಕೊಳ್ಳಲು ಹೇಳಿದ ಅಂಕಿ. ನಿಮ್ಮ ಯಂತ್ರಕ್ಕೆ ತಕ್ಕಂತೆ ಎರಡು ವಾರದಲ್ಲಿ ನೀವೇ ಬಿಗಿ ಮಾಡಿಕೊಳ್ಳಿ. ಹಣ್ಣು ಬರುವ ತೋಟದ ಬ್ಲಾಕ್ ಬದಲಾದಾಗಲೆಲ್ಲ ಇದೇ ಪರೀಕ್ಷೆ, ಏಕೆಂದರೆ ಬೇರೆ ಬೇರೆ ತಳಿಯ, ಬೇರೆ ಬೇರೆ ಬಿಸಿಲಿನ ಗಿಡದ ಹಣ್ಣಿನ ಗಾತ್ರ ಒಂದೇ ಇರುವುದಿಲ್ಲ. ನಿನ್ನೆ ಸರಿಯಿದ್ದ ಸಂದು ಇವತ್ತಿನ ಹಣ್ಣಿಗೆ ಬಿಗಿಯಾಗುವುದು ಹೀಗೆ. 'ನಾನು ಮುಟ್ಟೇ ಇಲ್ಲ ಸಾರ್' ಎಂದು ಪಲ್ಪರ್‌ನವನು ಹೇಳಿದರೆ ನಂಬಿ, ಮುಟ್ಟದಿರುವುದೇ ತೊಂದರೆ.

ಕಟ್ ಆದ ಬೀಜಗಳನ್ನು ಆ ದಿನದ ತಾರೀಖು ಬರೆದ ಪುಟ್ಟ ಬಟ್ಟಲಲ್ಲಿ ಪಲ್ಪರ್ ಪಕ್ಕದ ಹಲಗೆಯ ಮೇಲಿಡಿ. ಏಳು ಬಟ್ಟಲು, ಏಳು ದಿನ. ಮಾರ್ಚ್‌ನ ವರದಿ ಸಂಜೆ ಆರಕ್ಕೇ ಕಣ್ಣೆದುರು ಬಂದ ಹಾಗೆ.

ತೊಟ್ಟಿ ಮತ್ತು ಕಣ

ತೊಟ್ಟಿಯಲ್ಲಿ ಲೋಳೆ ಬಿಡಲು ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ ಎನ್ನುತ್ತಾರೆ. ಗಿರಿ ಕಡೆಯ ಜನವರಿ ಚಳಿಗೆ ಇನ್ನೂ ಎಳೆಯಬಹುದು, ಸೆಖೆಯ ದಿನ ಬೇಗ ಮುಗಿಯಬಹುದು. ಗೋಡೆಯ ಚಾರ್ಟ್‌ನಲ್ಲಿ '36 ಗಂಟೆ' ಎಂದು ಬರೆದು ಅಂಟಿಸಿದರೆ ನಿಮ್ಮ ಹುಳಿ ವಾಸನೆಗೆ ಅದೇ ಕಾರಣವಾಗಬಹುದು. ಓದಿದವನು ಗಡಿಯಾರ ನೋಡುತ್ತಾನೆ, ಕೈ ಹಾಕುವುದಿಲ್ಲ. ಹದದ ಗುರುತು ಕೈಯಲ್ಲಿದೆ: ಒಂದು ಹಿಡಿ ತೆಗೆದು ತೊಳೆದು ಉಜ್ಜಿದರೆ ಜಾರಬಾರದು, ಸಣ್ಣ ಜಲ್ಲಿಕಲ್ಲು ಉಜ್ಜಿದ ಹಾಗೆ ಒರಟು ಸಿಗಬೇಕು, ಕರಕರ ಎನ್ನಬೇಕು. ಇನ್ನೊಂದು ಗುರುತು, ರಾಶಿಗೆ ಕೋಲು ಚುಚ್ಚಿ ತೆಗೆದರೆ ತೂತು ಹಾಗೇ ನಿಲ್ಲಬೇಕು. ಆಮೇಲೆ ತಡಮಾಡದೆ ಮೂರು ನಾಲ್ಕು ಸಲ ನೀರು ಬದಲಿಸಿ ತೊಳೆಯುವುದು.

ಇದನ್ನು ಕಲಿಸುವ ಒಂದೇ ದಾರಿ, ಹದವಾಗದ್ದು, ಹದವಾದದ್ದು, ಮೀರಿದ್ದು ಮೂರನ್ನೂ ಒಂದೇ ಹೊತ್ತಿನಲ್ಲಿ ಕೈಗೆ ಕೊಡುವುದು. ಬೇರೆ ಬೇರೆ ಹೊತ್ತಿಗೆ ತುಂಬಿದ ತೊಟ್ಟಿಗಳಿದ್ದರೆ ಮೊದಲೆರಡು ತಾನಾಗಿ ಸಿಗುತ್ತವೆ. ಮೂರನೆಯದಕ್ಕೆ ಒಂದು ಬಕೆಟ್ ಪಾರ್ಚ್‌ಮೆಂಟ್ ಬಲಿ ಕೊಡಿ: ತೊಳೆಯದೆ ಮೂರು ದಿನ ಬಿಟ್ಟು, ಮೂಗು ಹತ್ತಿರ ತರಲು ಹೇಳಿ. ಒಮ್ಮೆ ಆ ವಾಸನೆ ನೋಡಿದವನು ಮತ್ತೆ ತಪ್ಪುವುದು ಕಷ್ಟ. ಆ ಬಕೆಟ್ ಕಾಫಿಯ ಬೆಲೆಗೆ ಇಷ್ಟು ಒಳ್ಳೆಯ ಪಾಠ ಬೇರೆಲ್ಲೂ ಸಿಗದು. ಪಾಠ ಮುಗಿದ ಮೇಲೆ ಅದನ್ನು ಗೊಬ್ಬರಗುಂಡಿಗೆ ಹಾಕಿ, ಕಣಕ್ಕೆ ಹೋಗದಂತೆ ನೋಡಿಕೊಳ್ಳಿ. ಹದ ಮೀರಿದ ಒಂದು ಹಿಡಿ ಬೀಜ ಇಡೀ ಲಾಟ್‌ನ ರುಚಿ ಕೆಡಿಸಬಲ್ಲದು. ತೊಟ್ಟಿಯ ಬದಲು ಲೋಳೆ ತೆಗೆಯುವ ಯಂತ್ರ ಇದ್ದರೆ ಈ ಭಾಗ ಬಿಡಿ, ಉಜ್ಜಿ ನೋಡುವ ಪರೀಕ್ಷೆ ಮಾತ್ರ ಇಟ್ಟುಕೊಳ್ಳಿ.

ಕಣದಲ್ಲಿ ಪಾರ್ಚ್‌ಮೆಂಟನ್ನು ಸುಮಾರು 4 ಸೆಂ.ಮೀ. ದಪ್ಪಕ್ಕೆ ಹರಡಿ ಗಂಟೆಗೊಮ್ಮೆ ಕೈಯಾಡಿಸಬೇಕು, ಸಂಜೆ ರಾಶಿ ಮಾಡಿ ಟಾರ್ಪಾಲ್ ಹೊದಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೂ ಒಣಗುವುದು ಸಮವಾಗದೇ ಇರಲು ಕಾರಣ ಗೊತ್ತಿಲ್ಲದಿರುವುದಲ್ಲ, ಗಂಟೆ ತಪ್ಪುವುದು ಮತ್ತು ಲಾಟ್ ಬೆರೆಯುವುದು. ಮಂಗಳವಾರದ್ದೂ ಗುರುವಾರದ್ದೂ ಅಕ್ಕಪಕ್ಕ ಇದ್ದು, ಮಳೆಮೋಡ ಕಂಡಾಗ ಅವಸರಕ್ಕೆ ಒಂದೇ ರಾಶಿಯಾಗುತ್ತವೆ. ಇದಕ್ಕೆ ತರಬೇತಿ ಬೇಡ, ಎರಡು ಇಟ್ಟಿಗೆ ಸಾಲು ಮತ್ತು ತಾರೀಖು ಬರೆದ ಹಲಗೆ ಸಾಕು. ಯಾವುದು ಕಲಿಕೆಯ ಕೊರತೆ, ಯಾವುದು ಜಾಗದ, ಸಾಮಾನಿನ ಕೊರತೆ ಎಂದು ಬೇರೆ ಮಾಡದೆ ಎಲ್ಲಕ್ಕೂ ತರಬೇತಿ ಎನ್ನುವುದು ಜನರಿಗೆ ಮಾಡುವ ಅನ್ಯಾಯ.

ಕಲಿಸಬೇಕಾದದ್ದು ಕೊನೆಯ ಹದ. ಮಾಯಿಶ್ಚರ್ ಮೀಟರ್‌ನಲ್ಲಿ ಶೇ 10 ಬರಬೇಕು. ಆದರೆ ಮೀಟರ್ ಇರುವುದು ಆಫೀಸಿನ ಬೀರುವಿನಲ್ಲಿ, ಕಣದವರ ಕೈಗೆ ಅದು ಸಿಗುವುದಿಲ್ಲ. ಅವರ ಹತ್ತಿರ ಇರುವುದು ಹಲ್ಲು ಮತ್ತು ಕಿವಿ: ಒಣಗಿದ ಪೊರೆ ಬೆರಳಲ್ಲಿ ಪುಡಿಯಾಗುತ್ತದೆ, ಬೀಜ ಕಚ್ಚಿದರೆ ಬಿಳಿ ಗೆರೆ ಇಲ್ಲದೆ ಪಟ್ಟೆಂದು ಸೀಳುತ್ತದೆ. ಚೆರಿಯಾದರೆ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಾದರೆ, ಹಿಡಿ ತುಂಬ ಅಲ್ಲಾಡಿಸಿದಾಗ ಗಿಲಗಿಲ ಸದ್ದು. ಹೀಗೆ ಮಾಡಿ: ಕಣದ ಮುಖ್ಯಸ್ಥೆ ಮೊದಲು ಕಚ್ಚಿ ತನ್ನ ಅಂದಾಜು ಹೇಳಲಿ, ಇನ್ನೂ ಎರಡು ದಿನ, ಒಂದು ದಿನ, ಆಯಿತು ಎಂದು. ರೈಟರ್ ಅದನ್ನು ಬರೆದ ಮೇಲೆ ಮೀಟರ್ ಹಾಕಲಿ. ಅಂದಾಜು ಮೊದಲು, ಮೀಟರ್ ಆಮೇಲೆ. ತಿರುಗುಮುರುಗಾದರೆ ಕಲಿಕೆ ಇಲ್ಲ. ಹತ್ತು ಹದಿನೈದು ದಿನದಲ್ಲಿ ಎರಡೂ ಹತ್ತಿರ ಬರುತ್ತವೆ. ಮೀಟರ್ ಇಲ್ಲದ ಸಣ್ಣ ತೋಟದವರು ಒಂದೇ ಡಬ್ಬದಲ್ಲಿ ತಲೆಮಟ್ಟ ತುಂಬಿ ದಿನಾ ತೂಗಲಿ, ಎರಡು ದಿನ ತೂಕ ಇಳಿಯದೆ ನಿಂತರೆ ಹದವಾಗಿದೆ.

ಕಲಿಸುವ ಹತ್ತು ನಿಮಿಷ

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1940ರಿಂದ 1945ರವರೆಗೆ, ಅಮೆರಿಕದ ಕಾರ್ಖಾನೆಗಳಲ್ಲಿ ಕೆಲಸ ಗೊತ್ತಿಲ್ಲದ ಲಕ್ಷಾಂತರ ಜನರನ್ನು ಬೇಗ ಪಳಗಿಸಬೇಕಾಗಿ ಬಂದಾಗ ಮೇಸ್ತ್ರಿಗಳಿಗೆ ನಾಲ್ಕು ಹೆಜ್ಜೆಯ ಕ್ರಮ ಕಲಿಸಿದರು. ಯುದ್ಧದ ನಂತರ ಅದು ಜಪಾನಿಗೂ ಹೋಯಿತು. ಇವತ್ತಿಗೂ ಅದಕ್ಕಿಂತ ಸರಳವಾದದ್ದು ಇಲ್ಲ. ಮೊದಲು ಕಲಿಯುವವರ ಅಳುಕು ಕಳೆಯಿರಿ, ಏನು ಗೊತ್ತು ಎಂದು ಕೇಳಿ. ಎರಡನೆಯದು, ನೀವು ಮಾಡಿ ತೋರಿಸಿ: ಒಮ್ಮೆ ಸುಮ್ಮನೆ, ಒಮ್ಮೆ ತಪ್ಪಬಾರದ ಅಂಶ ಹೇಳುತ್ತಾ, ಒಮ್ಮೆ ಕಾರಣ ಹೇಳುತ್ತಾ. ಮೂರನೆಯದು, ಅವರಿಂದ ಮಾಡಿಸಿ. ಮಾಡುತ್ತಾ ಅವರೇ ಅಂಶ, ಕಾರಣ ಹೇಳಬೇಕು. ನಾಲ್ಕನೆಯದು, ಬಿಟ್ಟುಬಿಡಿ, ಆದರೆ ತೊಂದರೆಯಾದರೆ ಯಾರನ್ನು ಕೇಳಬೇಕೆಂದು ಹೆಸರು ಹೇಳಿ, ಅರ್ಧ ಗಂಟೆ ಬಿಟ್ಟು ಒಮ್ಮೆ, ನಾಳೆ ಒಮ್ಮೆ, ಮುಂದಿನ ವಾರ ಒಮ್ಮೆ ಬಂದು ನೋಡಿ. ಒಂದು ಸಲಕ್ಕೆ ಇಬ್ಬರು, ಮೂವರಿಗಿಂತ ಹೆಚ್ಚು ಬೇಡ. ನಮ್ಮಲ್ಲಿ ಹೆಚ್ಚಾಗಿ ಎರಡನೆಯದಕ್ಕೇ ನಿಂತುಬಿಡುತ್ತದೆ, 'ಗೊತ್ತಾಯ್ತಾ?' 'ಹೂಂ ಸಾರ್' ಎಂದು ಮುಗಿಯುತ್ತದೆ. ಆ 'ಹೂಂ'ಗೆ ಬೆಲೆ ಇಲ್ಲ. 'ಎಲ್ಲಿ, ಮಾಡಿ ತೋರ್ಸಿ' ಎನ್ನುವುದಕ್ಕೆ ಇದೆ.

ಅಸ್ಸಾಂನವರ ವಿಷಯ ನೀವು ಅಂದುಕೊಂಡಷ್ಟು ಕಷ್ಟವಲ್ಲ. ಮೇಲೆ ಹೇಳಿದ ನಾಲ್ಕೂ ಹದಗಳು ಬೆರಳು, ಮೂಗು, ಹಲ್ಲಿನವು. ಅವರಲ್ಲೇ ಹಿಂದಿನ ಸೀಸನ್ ಮಾಡಿದ ಒಬ್ಬರಿಬ್ಬರನ್ನು ಮೊದಲು ಪಳಗಿಸಿ, ಉಳಿದವರಿಗೆ ಅವರ ಭಾಷೆಯಲ್ಲಿ ಅವರೇ ಕಲಿಸಲಿ, ಆ ದಿನಗಳಿಗೆ ಪೂರ್ತಿ ದಿನಗೂಲಿ ಕೊಡಿ. ಕೆಜಿ ಲೆಕ್ಕದವರಿಗೆ ಕಲಿಸುವ ಪ್ರತಿ ನಿಮಿಷವೂ ಕೈಯಿಂದ ಹೋಗುವ ದುಡ್ಡು. ಅದನ್ನು ಭರ್ತಿ ಮಾಡದೆ 'ಸ್ವಲ್ಪ ಹೇಳಿಕೊಡಿ' ಎಂದರೆ ಯಾರೂ ಹೇಳಿಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಯಾರನ್ನು ಆರಿಸುತ್ತೀರಿ ಎಂಬುದನ್ನೂ ನೋಡಿ: ಅತಿ ವೇಗದ ಕೈ ಒಳ್ಳೆಯ ಗುರುವಾಗುವುದು ಅಪರೂಪ. ಹೊಸಬರು ತಾವಾಗಿ ಯಾರ ಹತ್ತಿರ ಹೋಗಿ ಕೇಳುತ್ತಾರೋ ಅವರೇ ನಿಮ್ಮ ಗುರು.

ಬೆಳಗಿನ ಮಸ್ಟರ್ (ಹಾಜರಿ) ಹೊತ್ತಿನಲ್ಲಿ ಐದು ನಿಮಿಷ ತೆಗೆದುಕೊಳ್ಳಿ, ಒಂದೇ ವಿಷಯಕ್ಕೆ. ನಿನ್ನೆಯ ಬಟ್ಟಲು ಕೈಯಿಂದ ಕೈಗೆ ಹೋಗಲಿ. ಹೆಸರು ಹಿಡಿದು ಬೈಯುವುದು ಬೇಡ. ಒಮ್ಮೆ ಬೈದರೆ ಮರುದಿನದಿಂದ ಬಟ್ಟಲಿನಲ್ಲಿ ಕಟ್ ಬೀಜ ಕಾಣುವುದಿಲ್ಲ. ಕಟ್ ನಿಂತಿರುವುದಿಲ್ಲ, ಬಟ್ಟಲಿಗೆ ಹಾಕುವುದು ನಿಂತಿರುತ್ತದೆ. ದಿನಾ '100ಕ್ಕೆ 1' ಎಂದೇ ಬರುತ್ತಿದ್ದರೆ ಸಂಶಯಪಡಿ. ನಿಜವಾದ ಎಣಿಕೆ ಏರಿಳಿಯುತ್ತದೆ. ವಾರಕ್ಕೊಮ್ಮೆ ನೀವೇ ಹೋಗಿ ಅವರೊಂದಿಗೆ ಎಣಿಸಿ, ಅವರ ಹಿಂದೆ ನಿಂತು ಅಲ್ಲ.

ತಪ್ಪಿನಿಂದ ಕಲಿಯಬಾರದ ಕೆಲಸ

ಕೆಲವಕ್ಕೆ ಮಾತ್ರ ಈ ದಾರಿ ಸಲ್ಲದು. ಓಡುತ್ತಿರುವ ಪಲ್ಪರ್‌ನಲ್ಲಿ ಹಣ್ಣು ಸಿಕ್ಕಿಕೊಂಡರೆ ಕೈ ಹಾಕಬಾರದು, ಸ್ವಿಚ್ ಆರಿಸಿ, ಬೆಲ್ಟ್ ಪೂರ್ತಿ ನಿಂತ ಮೇಲೆ ಕೋಲಿನಿಂದ ಬಿಡಿಸಬೇಕು. ಒದ್ದೆ ನೆಲದ ಮೋಟಾರ್, ಸಿಂಪಡಣೆಯ ಔಷಧಿ, ನೆರಳಿನ ಸಿಲ್ವರ್ ಓಕ್ ಮರಕ್ಕೆ ಹಾಕಿದ ಅಲ್ಯೂಮಿನಿಯಂ ಏಣಿ ಮತ್ತು ಮೇಲಿನ ಕರೆಂಟ್ ತಂತಿ, ಇವನ್ನು ಕೆಲಸಕ್ಕೆ ಇಳಿಯುವ ಮುನ್ನವೇ ಕೂರಿಸಿ, ತೋರಿಸಿ, ಮಾಡಿಸಿ, ಬಾಯಲ್ಲಿ ಹೇಳಿಸಿ ಕಳಿಸಬೇಕು. ನಿಮ್ಮ ಗೋಡೌನಿನ ಅರ್ಧ ದಿನ ಇದಕ್ಕೆ ಮೀಸಲಾಗಲಿ. ರೋಗ ಕೀಟ, ಗೊಬ್ಬರದಂಥ ವಿಷಯಕ್ಕೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಕಾಫಿ ಮಂಡಳಿಯ ವಿಸ್ತರಣಾ ಅಧಿಕಾರಿಗಳು ಇದ್ದಾರೆ. ಅವರನ್ನು ಕರೆದಾಗಲೂ ಗೋಡೌನಿನಲ್ಲಿ ಕೂರಿಸದೆ ಬ್ಲಾಕಿಗೆ ಕರೆದೊಯ್ಯಿರಿ.

ಯಾವಾಗ ಶುರು

ಮೇನ್ ಪಿಕ್ಕಿಂಗ್ ಶುರುವಾದ ಮೇಲೆ ಯಾರಿಗೂ ಪುರುಸೊತ್ತಿಲ್ಲ. ಅದಕ್ಕೆ ಮುಂಚಿನ ಫ್ಲೈ ಪಿಕ್ಕಿಂಗ್, ಅಂದರೆ ಅಲ್ಲಲ್ಲಿ ಮೊದಲು ಹಣ್ಣಾದದ್ದನ್ನು ಕುಯ್ಯುವ ಸುತ್ತು, ನಿಮ್ಮ ಹದಿನೈದು ದಿನದ ಶಾಲೆ: ಹಣ್ಣು ಕಡಿಮೆ, ಹಸಿಕಾಯಿಯ ನಡುವೆ ಆರಿಸಿ ಕುಯ್ಯಲೇಬೇಕು, ಪಲ್ಪರ್ ಸಣ್ಣ ರಾಶಿಗೆ ಓಡುತ್ತದೆ, ನಿಲ್ಲಿಸಿ ಸಂದು ತಿದ್ದಿದರೂ ನಷ್ಟವಿಲ್ಲ. ನೋಡುವ ಮೂರು ದಿನವನ್ನೂ ಆಗಲೇ ಮುಗಿಸಿ. ಮೇನ್ ಪಿಕ್ಕಿಂಗ್‌ನಲ್ಲಿ ಬೆಳಗಿನ ಎಣಿಕೆ, ಪಲ್ಪರ್‌ನ ಮೊದಲ ಬುಟ್ಟಿ, ಕಣದ ಅಂದಾಜು, ಈ ಮೂರು ಮಾತ್ರ ಬಿಡದೆ ನಡೆಸಿ. ಮೇಸ್ತ್ರಿಗೆ ಬೆಳಿಗ್ಗೆ ಅರ್ಧ ಗಂಟೆ ಬೇರೆ ಯಾವ ಕೆಲಸವೂ ಹೇಳಬೇಡಿ. ಆ ಅರ್ಧ ಗಂಟೆ ಕೊಡಲು ಆಗದಿದ್ದರೆ ಶುರು ಮಾಡಲೇಬೇಡಿ, ಎರಡನೇ ವಾರಕ್ಕೆ ನಿಂತ ಯೋಜನೆ ಮುಂದಿನ ವರ್ಷದ್ದನ್ನೂ ಕೆಡಿಸುತ್ತದೆ. ಡಿಸೆಂಬರ್‌ನಲ್ಲಿ ಚಂಡಮಾರುತದ ಮಳೆ ಬಂದು ಕಣವೆಲ್ಲ ಟಾರ್ಪಾಲ್ ಅಡಿ ಸೇರಿದ ದಿನ ಎಣಿಕೆ ತಪ್ಪಿದರೆ ತಪ್ಪಲಿ, ಮರುದಿನ ಮತ್ತೆ ಹಿಡಿಯಿರಿ.

ಫಲ ಬಂತೇ ಎಂದು ನೋಡಲು ಹಾಜರಿ ಪಟ್ಟಿ ಬೇಡ. ಮೊದಲ ವಾರದ ಹಸಿಕಾಯಿ, ಕಟ್ ಬೀಜದ ಎಣಿಕೆಯನ್ನು ಆರನೇ ವಾರದ್ದರ ಪಕ್ಕ ಇಡಿ. ಕಣದ ಅಂದಾಜಿಗೂ ಮೀಟರ್‌ಗೂ ಇದ್ದ ದೂರ ಕಡಿಮೆಯಾಯಿತೇ ನೋಡಿ. ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸುವ ಚೀಲಗಳಿಗೆ ಲಾಟ್ ನಂಬರ್ ಮತ್ತು ಪಲ್ಪಿಂಗ್ ತಾರೀಖು ಬರೆದಿರಿ, ಔಟ್‌ಟರ್ನ್ ವರದಿಯನ್ನು (ಎಷ್ಟು ಬೀಜ, ಯಾವ ಗುಣಮಟ್ಟದ್ದು ಸಿಕ್ಕಿತು ಎಂಬ ವರದಿ) ಲಾಟ್‌ವಾರು ಕೇಳಿ ಪಡೆಯಿರಿ. ಮಾರ್ಚ್‌ನಲ್ಲಿ ಅದು ಬಂದಾಗ ಆಫೀಸಿನ ಫೈಲಿಗೆ ಸೇರಿಸುವ ಮುನ್ನ ಕಣದವರಿಗೆ ತೋರಿಸಿ. ಪಲ್ಪರ್ ನೋಡಿಕೊಂಡ ಹುಡುಗ ಅಷ್ಟರಲ್ಲಿ ಊರಿಗೆ ಹೋಗಿದ್ದರೆ ಅವನ ಫೋನಿಗೆ ಆ ಹಾಳೆಯ ಫೋಟೊ, ಅವನ ಜೊತೆಯವರ ಭಾಷೆಯಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸಿ, ಅವನ ಲಾಟ್‌ನಲ್ಲಿ ಕಟ್ ಎಷ್ಟು ಇತ್ತು, ಈ ಸಲ ಎಷ್ಟಕ್ಕೆ ಇಳಿಯಿತು ಎಂದು.